ದ್ರೀಕಾ ಹುತ್ತದ ಹುಲಿಯನ್ನು ಕರೆದದ್ದು

ಫೋನು ಬಂದಾಗ ದ್ರೀಕಾ ಸ್ವಾರ್ಟ್‌ಬೊಯಿ ಫಾರ್ಮಿನ ಅಡುಗೆಮನೆಯಲ್ಲಿ ಕುರಿಯ ತಲೆ ಸುಡುತ್ತಿದ್ದಳು. ಎರಡೂ ಕೈ ಮಸಿ. ಸೆರಗಿಲ್ಲದ ಊರಲ್ಲಿ ಏಪ್ರನ್ನೇ ಗತಿ. ಅದಕ್ಕೇ ಕೈಯೊರೆಸಿಕೊಂಡು ಫೋನು ಕಿವಿಗಿಟ್ಟಳು.

"ದ್ರೀಕಾ ತಾನಿ, ನಾನು ನಾಂದಿಫಾ. ಕಾಡುಬೆಕ್ಕುಗಳ ಕೇಂದ್ರದಿಂದ. ನಿಮ್ಮ ಪಿಕೀನ ನೋಡ್ಕೊಳ್ಳೋಳು. ಒಂದ್ಸಲ ಬಂದು ಹೋಗ್ತೀರಾ? ನೀವು ಬಂದ್ರೆ ಅವಳದ್ದು ಒಂದು ವಿಷಯ ತೀರ್ಮಾನ ಆಗುತ್ತೆ."

ಚಿಕ್ಕಮ್ಮ ಎಂಬ ಅರ್ಥದ 'ತಾನಿ' ಆ ಸೀಮೆಯ ರೂಢಿ. ಆದರೆ 'ನಿಮ್ಮ ಪಿಕಿ' ಎಂದಳಲ್ಲ ಹುಡುಗಿ, ದ್ರೀಕಾಗೆ ಮುಂದಿನ ಮಾತು ಅರ್ಧ ಕೇಳಿಸಲೇ ಇಲ್ಲ. ವಿಷಯ ಏನೆಂದು ಕೇಳುವುದೂ ಮರೆತು, ಬರುತ್ತೇನೆ ಎಂದುಬಿಟ್ಟಳು.

ಗುರುವಾರ ಬೆಳಿಗ್ಗೆ ಚರ್ಚಿಗೆ ಹಾಕುವ ನೀಲಿ ಟೋಪಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದವಳನ್ನು ಕಂಡು ನಾದಿನಿ ಲೀನಾ ಸುಮ್ಮನಿರಲಿಲ್ಲ.

"ಬೀಗಿತ್ತಿ ಹೊರಟಳು ನೋಡ್ರಪ್ಪಾ ಬೆಕ್ಕಿನ ಮನೆಗೆ! ಟೋಪಿ ಬೇರೆ! ಅದು ನಿನ್ನ ಗುರುತು ಹಿಡಿಯುತ್ತೆ ಅಂದ್ಕೊಂಡಿದ್ದೀಯಾ ಅತ್ತಿಗೆ? ಒಂದೂವರೆ ವರ್ಷ ಆಯ್ತು. ನಾನು ಸಾಕಿದ ಗಂಡು ಮಕ್ಕಳೇ ಆರು ತಿಂಗಳಿಗೆ ನನ್ನ ಮರೆತವು."

"ನಿನ್ನ ಮರೆಯೋದು ಸುಲಭ ಅಲ್ಲ ಕಣೇ ಲೀನಾ, ಅವು ಕಷ್ಟಪಟ್ಟು ಮರೆತಿರ್ತವೆ," ಎಂದಳು ದ್ರೀಕಾ. ಲೀನಾ ನಗುತ್ತ, ಕೆಂಡದ ಮೇಲೆ ಸುಟ್ಟ ನಾಲ್ಕು ರೊಟ್ಟಿಯ ಪೊಟ್ಟಣವನ್ನು ಅವಳ ಚೀಲಕ್ಕೆ ತುರುಕಿದಳು.

ಬಸ್ಸು ಕರೂ ಬಯಲಿನಲ್ಲಿ ಐದು ಗಂಟೆ ಓಡಿತು. ಕಿಟಕಿಗೆ ತಲೆ ಒರಗಿಸಿ ಕೂತ ದ್ರೀಕಾಗೆ ನಿದ್ದೆ ಬರಲಿಲ್ಲ, ಅಪೂಲ್ಸ್ ಬಂದ.

ಅಪೂಲ್ಸ್ ಅವಳ ಗಂಡ. ಫಾರ್ಮಿನ ಕುರಿ ಕಾಯುತ್ತಿದ್ದವನು. ಎರಡು ವರ್ಷದ ಹಿಂದಿನ ಅಕ್ಟೋಬರಿನಲ್ಲಿ ಒಂದು ಸಂಜೆ ಕೋಟಿನ ಜೇಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದಿದ್ದ. ಜೇಬಿನೊಳಗೆ ಎರಡು ಮರಿ. ಒಂದೊಂದೂ ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡದು, ಮೈತುಂಬ ಚುಕ್ಕಿ, ಅಂಗಾಲು ಮಾತ್ರ ಬಾಣಲೆಯ ತಳದ ಹಾಗೆ ಕಪ್ಪು. ಪಾಳು ಹುತ್ತಗಳಲ್ಲಿ ವಾಸ ಮಾಡುವ ಈ ಪುಟ್ಟ ಕಾಡುಬೆಕ್ಕನ್ನು ಆ ಸೀಮೆಯವರು ಹುತ್ತದ ಹುಲಿ ಅನ್ನುತ್ತಾರೆ. ಹೆಣ್ಣು ಬೆಳೆದರೂ ಒಂದೂವರೆ ಕಿಲೋ ದಾಟುವುದು ಅಪರೂಪ. ಕೋಪಕ್ಕೆ ಮಾತ್ರ ಹುಲಿಯೇ.

"ತಾಯೀನ ನಮ್ಮ ನಾಯಿಗಳೇ ಹರಿದು ಹಾಕಿದ್ವು ಕಣೇ. ನಾನು ಓಡಿ ಹೋಗೋ ಹೊತ್ತಿಗೆ ಮುಗಿದೇ ಹೋಗಿತ್ತು," ಎಂದು ಹೇಳಿ ಅಪೂಲ್ಸ್ ಆ ದಿನ ಊಟ ಮಾಡಲಿಲ್ಲ.

ಒಂದು ಮರಿ ಎರಡನೆಯ ದಿನ ಸತ್ತಿತು. ಇನ್ನೊಂದಕ್ಕೆ ದ್ರೀಕಾ ಕಿವಿಗೆ ಔಷಧಿ ಬಿಡುವ ಡ್ರಾಪರಿನಲ್ಲಿ ಆಡಿನ ಹಾಲು, ಮೊಟ್ಟೆಯ ಹಳದಿ ಕಲಸಿ ಕುಡಿಸಿದಳು. ಏಪ್ರಿಕಾಟಿನ ಬೀಜದಷ್ಟು ಮುಖ ಇದ್ದುದರಿಂದ ಪಿಕಿ ಎಂದು ಹೆಸರಾಯಿತು. ಅವರ ಮಾತಿನಲ್ಲಿ ಪಿಕಿ ಅಂದರೆ ಬೀಜ. ಒಂದು ತಿಂಗಳು ಪಿಕಿ ಅವಳ ಏಪ್ರನ್ನಿನ ಜೇಬಿನಲ್ಲಿ ಮಲಗಿದಳು. ಮೂರನೆಯ ತಿಂಗಳಿಗೆ ಕಚ್ಚಿದಳು. ಐದನೆಯ ತಿಂಗಳಿಗೆ ಹಗಲೆಲ್ಲ ಮಂಚದ ಕೆಳಗೆ, ಹೊತ್ತು ಮುಳುಗಿದರೆ ಬಯಲಿಗೆ. ಮಡಿಲಿಗೆ ಬರುವ ಜಾತಿಯಲ್ಲ ಅದು. ಆದರೆ ಅಪೂಲ್ಸ್ ನಾಲಗೆಯನ್ನು ಅಂಗುಳಿಗೆ ಬಡಿದು ಎರಡು ಸಲ 'ಟಕ್' ಎನಿಸಿ ಉಸಿರು ಬಿಟ್ಟನೆಂದರೆ ಎಲ್ಲಿದ್ದರೂ ಓಡಿ ಬರುತ್ತಿದ್ದಳು. ಅದು ಅವನ ತಾಯಿ ಆಡುತ್ತಿದ್ದ ನಾಮಾ ಭಾಷೆಯ ಸದ್ದು. ದ್ರೀಕಾಗೆ ಅದನ್ನು ಕಲಿಸಲು ಅವನು ಮದುವೆಯಾದಂದಿನಿಂದ ಹೆಣಗಿದ್ದ. "ನಿನ್ನ ನಾಲಗೆ ಬೈಯೋಕೆ ಮಾತ್ರ ಚುರುಕು," ಎಂದು ನಗುತ್ತಿದ್ದ.

ಮರುವರ್ಷ ಮೇ ತಿಂಗಳಲ್ಲಿ ಅಪೂಲ್ಸ್ ತೀರಿಕೊಂಡ. ಹರೆಯದಲ್ಲಿ ಕಲ್ನಾರಿನ ಗಣಿಯಲ್ಲಿ ಕುಡಿದ ಧೂಳು ಅವನ ಎದೆಯಲ್ಲಿ ಉಳಿದುಬಿಟ್ಟಿತ್ತು. ಮಣ್ಣಿಗೆ ಬಂದ ಜನ ಮನೆ ತುಂಬ ಇದ್ದಾಗ ಪಿಕಿ ಮಂಚದ ಕೆಳಗಿಂದ ಮೂರು ದಿನ ಹೊರಗೇ ಬರಲಿಲ್ಲ, ಏನೂ ತಿನ್ನಲಿಲ್ಲ. ನಾಲ್ಕನೆಯ ದಿನ ಎಲ್ಲರೂ ಹೋದ ಮೇಲೆ ದ್ರೀಕಾ ನೆಲದ ಮೇಲೆ ಕೂತಳು. ನಾಲಗೆಯನ್ನು ಅಂಗುಳಿಗೆ ಒತ್ತಿದಳು. ಮೂವತ್ತೊಂದು ವರ್ಷ ಒಲಿಯದ ಸದ್ದು ಆ ದಿನ ಒಲಿಯಿತು. ಪಿಕಿ ಈಚೆ ಬಂದು, ಇವಳನ್ನು ದಾಟಿ ಬಾಗಿಲ ಕಡೆ ಬಹಳ ಹೊತ್ತು ನೋಡಿ, ಆಮೇಲೆ ಮಾಂಸದ ಚೂರಿಗೆ ಬಾಯಿ ಹಾಕಿದಳು.

ಆಗಸ್ಟಿನಲ್ಲಿ ಕುರಿಗಳಿಗೆ ಸೂಜಿ ಚುಚ್ಚಲು ಬಂದ ಡಾಕ್ಟರು ಪಿಕಿಯನ್ನು ಕಂಡರು. ಇಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಈ ಜಾತಿ ಉಳಿದಿರುವುದೇ ಸ್ವಲ್ಪ ಎಂದರು. ವಾರದೊಳಗೆ ಕೇಂದ್ರದವರು ಪೆಟ್ಟಿಗೆ ತಂದು ಅವಳನ್ನು ಒಯ್ದರು. ಅಂದಿನಿಂದ ಮನೆಯಲ್ಲಿ ದ್ರೀಕಾಳ ಉಸಿರೊಂದೇ.

ಬಸ್‌ ನಿಲ್ದಾಣಕ್ಕೆ ನಾಂದಿಫಾ ತಾನೇ ಗಾಡಿ ತಂದಿದ್ದಳು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಎತ್ತರದ ಹುಡುಗಿ, ಕೈತುಂಬ ಪರಚು ಗಾಯ. ಆ ಗಾಯಗಳನ್ನು ಕಂಡೇ ದ್ರೀಕಾಗೆ ಅವಳ ಮೇಲೆ ವಿಶ್ವಾಸ ಹುಟ್ಟಿತು.

ಕೇಂದ್ರದ ಮುಂಭಾಗದಲ್ಲಿ ಬಂದವರಿಗೆ ತೋರಿಸುವ ಬೆಕ್ಕುಗಳಿದ್ದವು. ಉದ್ದ ಕಾಲಿನ ಸರ್ವಲ್ ಬೆಕ್ಕೊಂದು ಬೇಲಿಗುಂಟ ಅತ್ತಿಂದಿತ್ತ ಓಡಾಡುತ್ತಿತ್ತು. ಮುಂದಿನ ಆವರಣದಲ್ಲಿ ಕಿವಿಯ ತುದಿಗೆ ಕುಚ್ಚು ಕಟ್ಟಿಕೊಂಡ ಕೆಂಪು ಬೆಕ್ಕು ಬಿಸಿಲಿಗೆ ಹೊಟ್ಟೆ ಕೊಟ್ಟು ಬಿದ್ದುಕೊಂಡಿತ್ತು. ಕುರಿ ಕಾಯುವವರ ಮನೆಯ ಹೆಂಗಸು ಅದನ್ನು ಕಂಡು ಸುಮ್ಮನೆ ಹೋದಾಳೇ?

"ಈ ಕಳ್ಳನಿಗೂ ಕೂತಲ್ಲೇ ಊಟ ಹಾಕ್ತೀರಾ? ಒಂದೇ ವಸಂತದಲ್ಲಿ ನಮ್ಮ ಹನ್ನೊಂದು ಕುರಿಮರಿ ತಿಂದಿದ್ದಾನೆ ಇವನ ಅಣ್ಣ."

"ಅಣ್ಣ ಮಾಡಿದ್ದಕ್ಕೆ ತಮ್ಮನ್ನ ಬೈಬೇಡಿ ತಾನಿ. ಇವನು ಹುಟ್ಟಿದ್ದೇ ಇಲ್ಲಿ, ಕುರಿ ಅಂದ್ರೆ ಏನೂಂತ್ಲೇ ಗೊತ್ತಿಲ್ಲ."

ನಾಂದಿಫಾ ಚಹ ತಂದುಕೊಟ್ಟು ಎದುರು ಕೂತು ವಿಷಯ ಬಿಚ್ಚಿದಳು.

"ಪಿಕೀನ ಬಯಲಿಗೆ ಬಿಡೋಣ ಅಂತಿದ್ದೀವಿ. ಬೇಟೆ ಚೆನ್ನಾಗಿ ಮಾಡ್ತಾಳೆ. ನಮ್ಮನ್ನ ಕಂಡ್ರೆ ಆಗಲ್ಲ, ಅದೂ ಒಳ್ಳೇದೇ. ಆದ್ರೆ ಅವಳು ಮನುಷ್ಯರ ಕೈಯಲ್ಲಿ ಬೆಳೆದೋಳು. ಹೊರಗೆ ಹೋಗಿ ಯಾವುದಾದ್ರೂ ಮನೆ ಬಾಗಿಲಿಗೆ ಹೋದ್ಲು ಅಂದ್ರೆ ನಾಯಿಗಳು ಬಿಡಲ್ಲ. ಅದಕ್ಕೇ ನೀವು ಬೇಕಾಗಿತ್ತು. ಮನೇಲಿ ಹೇಗೆ ಕರೀತಿದ್ರೋ ಹಾಗೆ ಒಂದ್ಸಲ ಕರೀರಿ."

"ಬಂದ್ರೆ?"

"ಬಂದ್ರೆ ಇಲ್ಲೇ ಇರ್ತಾಳೆ, ಕೊನೇವರೆಗೂ. ನಿಮಗೆ ಯಾವಾಗ ಬೇಕಾದ್ರೂ ಬಂದು ನೋಡಬಹುದು."

"ಬರದಿದ್ರೆ?"

"ಬಿಟ್ಬಿಡ್ತೀವಿ. ಉತ್ತರದ ಹುಲ್ಲುಗಾವಲಲ್ಲಿ. ಆಮೇಲೆ ಯಾರಿಗೂ ಕಾಣಿಸಲ್ಲ."

ದ್ರೀಕಾ ಚಹ ಕುಡಿದು ಮುಗಿಸಿದಳು. ರುಚಿ ಏನಿತ್ತೋ ತಿಳಿಯಲಿಲ್ಲ.

ಹೊತ್ತು ಇಳಿಯುವಾಗ ಇಬ್ಬರೂ ಹಿಂಭಾಗದ ಆವರಣಕ್ಕೆ ಹೋದರು. ಅಲ್ಲಿಗೆ ಬೇರೆ ಯಾರಿಗೂ ಪ್ರವೇಶವಿಲ್ಲ. ಬಲೆ ಹೊದಿಸಿದ ಅರ್ಧ ಎಕರೆ ಒಣಹುಲ್ಲು, ನಡುವೆ ಒಂದು ಹುತ್ತ. ಹುತ್ತದ ಬುಡದಲ್ಲಿ ಕಂಡಿ. ಬೇಲಿಯ ಹೊರಗೆ ಒಂದು ಬೆಂಚು ಹಾಕಿದ್ದರು. ನಾಂದಿಫಾ ಹತ್ತು ಹೆಜ್ಜೆ ಹಿಂದೆ ನಿಂತು ದಾಖಲೆ ಪುಸ್ತಕ ತೆರೆದಳು.

ಸ್ವಲ್ಪ ಹೊತ್ತಿಗೆ ಕಂಡಿಯಲ್ಲಿ ಒಂದು ಮುಖ ಕಾಣಿಸಿತು. ಏಪ್ರಿಕಾಟಿನ ಬೀಜ ಹೋಗಿ ಏಪ್ರಿಕಾಟೇ ಆಗಿತ್ತು. ದ್ರೀಕಾಳ ಕೈ ತಾನಾಗಿ ಹೊಟ್ಟೆಯ ಹತ್ತಿರ ಏಪ್ರನ್ನಿನ ಜೇಬು ಇರುತ್ತಿದ್ದ ಜಾಗಕ್ಕೆ ಹೋಯಿತು.

"ಪಿಕಿ," ಎಂದಳು. "ಪಿಕಿ, ಬಾ."

ಗೋಡೆಗೆ ಹೇಳಿದ ಹಾಗಿತ್ತು ಆ ದನಿ. ಬೆಕ್ಕು ಕಿವಿಯನ್ನೂ ಆಡಿಸಲಿಲ್ಲ. ಇನ್ನೊಮ್ಮೆ ಕರೆದಳು, ಇನ್ನೂ ಮೆಲ್ಲಗೆ. ಮುಖ ಒಳಗೆ ಹೋಯಿತು. ನಾಂದಿಫಾ ಪುಸ್ತಕದಲ್ಲಿ ಗುರುತು ಹಾಕಿಕೊಂಡು, "ಆಯ್ತು ತಾನಿ, ಬನ್ನಿ," ಎಂದಳು. ದನಿಯಲ್ಲಿ ಸಂತೋಷ ಇತ್ತು.

ಗೇಟಿನ ತನಕ ಬಂದ ದ್ರೀಕಾಳ ಕಾಲು ಮುಂದೆ ಹೋಗಲಿಲ್ಲ. ನಾಯಿಗಳು ಹರಿದು ಹಾಕಿದ ಪಿಕಿಯ ತಾಯಿಯನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಆದರೂ ಊಟ ಬಿಟ್ಟು ಕೂತ ಅಪೂಲ್ಸ್‌ನ ಮುಖ ಕಂಡಿದ್ದಳು.

"ಮಗಳೇ, ನಿಲ್ಲು. ನಾನು ಕರೆದದ್ದು ಹಾಗಲ್ಲ."

"ಅಂದ್ರೆ?"

"ಹೆಸರು ಹಿಡಿದು ಕರೆದ್ರೆ ಅವಳು ಯಾವತ್ತೂ ಬಂದಿಲ್ಲ. ಬೇರೆ ಒಂದು ಸದ್ದಿದೆ. ಬೇಕೂಂತಲೇ ಮಾಡ್ಲಿಲ್ಲ."

"ಯಾಕೆ ತಾನಿ? ಅವಳು ಹೊರಗೆ ಹೋಗ್ಲಿ ಅಂತಲಾ?"

ದ್ರೀಕಾ ಟೋಪಿ ತೆಗೆದು ಕೈಯಲ್ಲಿ ಹಿಡಿದಳು. "ಅಷ್ಟು ದೊಡ್ಡ ಮನಸ್ಸು ನನಗಿಲ್ಲ ಕಣಮ್ಮ. ಆ ಸದ್ದು ಮಾಡಿ ಅವಳು ಬರದೇ ಹೋದ್ರೆ? ಆಮೇಲೆ ನಾನು ಏನು ಇಟ್ಕೊಂಡು ಮನೆಗೆ ಹೋಗ್ಲಿ? ಅದು ನನ್ನ ಯಜಮಾನರು ಕರೀತಿದ್ದ ಸದ್ದು. ಅದಕ್ಕೆ ಉತ್ತರ ಕೊಡೋ ಜೀವ ಲೋಕದಲ್ಲಿ ಇದೊಂದೇ ಉಳಿದಿರೋದು."

ನಾಂದಿಫಾ ಪುಸ್ತಕ ಮುಚ್ಚಿದಳು. "ನಾನು ಬಲವಂತ ಮಾಡಲ್ಲ. ಆದ್ರೆ ನಿಜ ಗೊತ್ತಾಗದೆ ಅವಳನ್ನ ಬಿಡೋಕೂ ಆಗಲ್ಲ," ಎಂದಳು.

"ಗೊತ್ತು. ಅದಕ್ಕೇ ನಿಂತೆ."

ಇಬ್ಬರೂ ಮರಳಿ ಹೋದರು. ದ್ರೀಕಾ ಬೆಂಚಿನ ಮೇಲೆ ಕೂರದೆ ನೆಲದ ಮೇಲೆ ಕೂತಳು. ಬಾಯಿ ಒಣಗಿತ್ತು, ಎಂಜಲು ನುಂಗಿ ನಾಲಗೆಯನ್ನು ಅಂಗುಳಿಗೆ ಒತ್ತಿದಳು. ಟಕ್. ಟಕ್. ಉಸಿರು ಬಿಟ್ಟಳು.

ಪಿಕಿ ಹುತ್ತದಿಂದ ಈಚೆ ಬಂದಳು. ತಡವರಿಸಲಿಲ್ಲ, ನೇರ ಬಂದಳು. ಹುಲ್ಲಿನ ನಡುವೆ ಕಪ್ಪು ಅಂಗಾಲುಗಳು ಸದ್ದಿಲ್ಲದೆ ಬಿದ್ದವು, ಎದ್ದವು. ಬಾ, ಎಂದಿತು ದ್ರೀಕಾಳೊಳಗೆ ಒಂದು ಜೀವ. ಬಂದು ಇಲ್ಲೇ ಇರು, ತಿಂಗಳಿಗೊಂದು ಸಲ ಬಸ್ಸು ಹತ್ತುತ್ತೇನೆ. ಬೇಡ, ಎಂದಿತು ಇನ್ನೊಂದು. ಅದಕ್ಕೆ ಬಲ ಕಡಿಮೆ ಇತ್ತು.

ಬೇಲಿಗೆ ನಾಲ್ಕು ಹೆಜ್ಜೆ ಇರುವಾಗ ಪಿಕಿ ನಿಂತಳು. ಮೂಗು ಅರಳಿಸಿ ಗಾಳಿ ಹೀರಿದಳು. ಇವಳ ಕಣ್ಣಲ್ಲಿ ಕಣ್ಣಿಟ್ಟಳು. ಮನೆಯಲ್ಲಿದ್ದಾಗಲೂ ಅವಳು ಅಷ್ಟು ಹೊತ್ತು ಯಾರನ್ನೂ ನೋಡಿದ್ದಿಲ್ಲ.

ಆಗ ಹುಲ್ಲಿನಿಂದ ಒಂದು ದಪ್ಪ ಮಿಡತೆ ಚಿಮ್ಮಿತು. ಪಿಕಿಯ ಕಿವಿ ಆ ಕಡೆ ತಿರುಗಿತು, ಆಮೇಲೆ ತಲೆ, ಆಮೇಲೆ ಇಡೀ ಮೈ. ಒಂದೇ ನೆಗೆತ. ಕರಕರ ಅಗಿಯುವುದು ಬೇಲಿಯ ಈಚೆಗೂ ಕೇಳಿಸಿತು. ತಿಂದು ಮುಗಿಸಿ, ತಿರುಗಿಯೂ ನೋಡದೆ, ಆವರಣದ ಆ ತುದಿಯ ಹುಲ್ಲಿನೊಳಗೆ ಹೋಗಿಬಿಟ್ಟಳು. ದ್ರೀಕಾ ಇನ್ನೂ ಎರಡು ಸಲ ಕರೆದಳು, ಈ ಸಲ ನಿಜವಾದ ಆಸೆಯಿಂದಲೇ. ಹುಲ್ಲು ಅಲುಗಲಿಲ್ಲ.

"ಗುರುತು ಸಿಕ್ಕಿರಲಿಕ್ಕಿಲ್ಲ ತಾನಿ," ಎಂದಳು ನಾಂದಿಫಾ, ಸಮಾಧಾನ ಮಾಡುವ ಹಾಗೆ.

"ಸಿಕ್ಕಿತ್ತು. ಸಿಕ್ಕಿಯೇ ಹೋದಳು."

ಅವಳನ್ನು ಎಬ್ಬಿಸಲು ನಾಂದಿಫಾ ಕೈ ಕೊಟ್ಟಳು. ದ್ರೀಕಾ ಎದ್ದಳು, ಆದರೆ ಕೈ ಬಿಡಲಿಲ್ಲ. ಗೇಟು ದಾಟಿ ಗಾಡಿಯ ತನಕ ಹಾಗೇ ಹಿಡಿದುಕೊಂಡು ನಡೆದಳು. ಆ ದಿನ ಅಲ್ಲೇ ಉಳಿದು, ಬೆಳಿಗ್ಗೆ ನಿಯಮದ ಪ್ರಕಾರ ಇನ್ನೊಮ್ಮೆ ಕರೆದಾಗ ಕಂಡಿಯೊಳಗಿಂದ ಬುಸ್ ಎನ್ನುವ ಸದ್ದು ಮಾತ್ರ ಬಂತು. ನಾಂದಿಫಾ ಪುಸ್ತಕದಲ್ಲಿ ಸಹಿ ಹಾಕಿದಳು.

ಬಿಡುವ ದಿನ ಬರುತ್ತೀರಾ ಎಂದು ಕೇಳಿದ್ದಕ್ಕೆ ದ್ರೀಕಾ ಒಲ್ಲೆ ಎಂದಳು. "ಒಬ್ಬರನ್ನ ಎರಡು ಸಲ ಕಳಿಸಿಕೊಡೋಕೆ ನನ್ನಿಂದ ಆಗಲ್ಲ."

ಮಾರ್ಚಿನ ಮೊದಲ ಮಳೆ ಬಿದ್ದ ಮೇಲೆ ಪಿಕಿಯನ್ನು ಬಿಟ್ಟರು. ಕೊರಳಲ್ಲಿ ಸಣ್ಣದೊಂದು ಪಟ್ಟಿ ಕಟ್ಟಿದ್ದರು. ಅದರಿಂದ ಬರುವ ಸಂಕೇತ ಹಿಡಿದು, ಪಿಕಿ ಎಲ್ಲಿದ್ದಾಳೆಂದು ನಾಂದಿಫಾ ಫೋನಿನಲ್ಲಿ ತಿಳಿಸುತ್ತಿದ್ದಳು. ಇವತ್ತು ಒಣಹೊಳೆಯ ಹತ್ತಿರ. ಇವತ್ತು ಬೆಟ್ಟದ ಬುಡದಲ್ಲಿ. ನಲವತ್ತೊಂದನೆಯ ದಿನ ಸಂಕೇತ ನಿಂತುಹೋಯಿತು.

"ಪಟ್ಟಿ ಕೆಟ್ಟಿರಬಹುದು, ಕಳಚಿ ಬಿದ್ದಿರಬಹುದು. ಬೇರೇನಾದ್ರೂ ಆಗಿರಬಹುದು. ಸುಳ್ಳು ಹೇಳಲ್ಲ ತಾನಿ, ನನಗೆ ಗೊತ್ತಿಲ್ಲ."

"ಆಯ್ತು ಕಣಮ್ಮ. ಹೇಳೋಕೆ ಏನೂ ಇಲ್ದಿದ್ರೂ ಫೋನ್ ಮಾಡ್ತಿರು."

ಹುಡುಗಿ ಮಾತು ಉಳಿಸಿಕೊಂಡಳು. ತಿಂಗಳ ಮೊದಲ ಭಾನುವಾರ ಚರ್ಚು ಮುಗಿಯುವ ಹೊತ್ತಿಗೆ ಮಾಡುತ್ತಾಳೆ. ಮಳೆಯ ಮಾತು ಬರುತ್ತದೆ, ನಾಂದಿಫಾಳ ತಾಯಿಯ ಮಂಡಿನೋವಿನ ಮಾತು ಬರುತ್ತದೆ, ಲೀನಾಳ ಹೊಸ ಸೊಸೆಯ ಪುರಾಣ ಬರುತ್ತದೆ. ಎಲ್ಲ ಮುಗಿದ ಮೇಲೆ ದ್ರೀಕಾ ಕೇಳುತ್ತಾಳೆ:

"ಏನಾದ್ರೂ?"

"ಇಲ್ಲ ತಾನಿ."

"ಸರಿ. ನಿನ್ನಮ್ಮನ ಕಾಲಿಗೆ ಬಿಸಿ ಉಪ್ಪಿನ ಶಾಖ ಕೊಡೋಕೆ ಹೇಳು," ಎನ್ನುತ್ತಾಳೆ ದ್ರೀಕಾ. ಆದರೂ ಫೋನು ಇಡುವುದಕ್ಕೆ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ.