ಟೈಲರ್ ಅಕ್ಕನ ಮೊದಲ ಬೈಕು

ಯಾರನ್ನು ಕಂಡರೂ ಅಕ್ಕನ ಕಣ್ಣು ಮೊದಲು ಹೋಗುವುದು ಅವರ ಭುಜಕ್ಕೆ. ಇಪ್ಪತ್ತೆಂಟು ವರ್ಷ ಕೋಟು ಹೊಲಿದವಳ ದೃಷ್ಟಿ ಅದು. ಎದುರಿನವರು ಬಾಯಿ ತೆರೆಯುವ ಮುನ್ನವೇ ಅವರ ಎಡಭುಜ ಬಲಭುಜಕ್ಕಿಂತ ಎಷ್ಟು ಇಳಿದಿದೆಯೆಂಬುದು ಅವಳ ಮನಸ್ಸಿನಲ್ಲಿ ದಾಖಲಾಗಿರುತ್ತದೆ. ಯಂತ್ರದ ಮೇಲೆ ಬಾಗಿ ಬಾಗಿ ಅವಳ ಭುಜವೂ ಒಂದು ಕಡೆಗೆ ವಾಲಿದೆ. ನಡೆಯುವಾಗ ಕಾಣದ ಚೀಲವೊಂದನ್ನು ಹೊತ್ತವಳಂತೆ, ಅವಸರವೆಂಬುದರ ಪರಿಚಯವೇ ಇಲ್ಲದವಳಂತೆ ಹೆಜ್ಜೆಯಿಡುತ್ತಾಳೆ. ಇಂಥವಳು ನಲವತ್ತೇಳನೆಯ ವಯಸ್ಸಿನಲ್ಲಿ ಸ್ಪೋರ್ಟ್ಸ್ ಬೈಕ್ ಕೊಳ್ಳುತ್ತೇನೆಂದಾಗ, ಬಸ್ ಡ್ರೈವರ್ ಆಗಿದ್ದ ಅವಳ ತಮ್ಮ ಬಾಯಿಗೆತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ.

"ತಲೆ ಕೆಟ್ಟಿದ್ಯಾ ನಿಂಗೆ? ರಸ್ತೇಲಿ ಏನೇನಾಗುತ್ತೆ ಅಂತ ದಿನಾ ನೋಡೋನು ನಾನು."

"ಅದಕ್ಕೇ ನಿನ್ನನ್ನ ಜೊತೆಗೆ ಕರೀತಿರೋದು. ಇರ್ಲಿ, ನೋಡೋಣ."

'ಇರ್ಲಿ, ನೋಡೋಣ' ಎಂದು ಅಕ್ಕ ಅಂದರೆ, ನಿರ್ಧಾರವಾಗಿ ಬಹಳ ದಿನವಾಯಿತೆಂದು ಅರ್ಥ.

ಷೋರೂಮಿನವನು ಅವಳನ್ನು ನೇರವಾಗಿ ಅತಿ ದೊಡ್ಡ ಬೈಕಿನ ಬಳಿಗೇ ಕರೆದೊಯ್ದ. ಅಕ್ಕ ಹತ್ತಿ ಕುಳಿತಳು. ಕಾಲ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಕಿತು. ಇಳಿದು ಹಿಂದಕ್ಕೆ ತಳ್ಳಿ ನೋಡಿದಳು, ಅದು ಜಗ್ಗಲಿಲ್ಲ.

"ಚಿಕ್ಕದು ತಗೊಂಡ್ರೆ ಆರೇ ತಿಂಗಳಿಗೆ ಬೇಜಾರು ಬರುತ್ತೆ ಮೇಡಂ."

"ಬರ್ಲಿ ಬಿಡಪ್ಪ. ಬೇಜಾರು ಬರೋವರೆಗೂ ಬದುಕಿರ್ಬೇಕಲ್ಲ?"

ಮೂರನೆಯ ಭೇಟಿಯಲ್ಲಿ ಆರಿಸಿದ್ದು ಅಲ್ಲಿದ್ದವುಗಳಲ್ಲೇ ಸಣ್ಣ ಎಂಜಿನ್ನಿನ ನೀಲಿ ಬೈಕು: ಎರಡು ಪಾದವೂ ಊರುವಂಥದ್ದು, ಗಾಬರಿಯಲ್ಲಿ ಬ್ರೇಕ್ ಒತ್ತಿದರೂ ಚಕ್ರ ಬಿಗಿದುಕೊಳ್ಳದಂಥದ್ದು. ಜಾಕೆಟ್ಟಿನ ವಿಷಯದಲ್ಲಂತೂ ಅವಳ ಹಟಕ್ಕೆ ಎಣೆಯಿರಲಿಲ್ಲ. ಹೊಸ ಚರ್ಮದ ಜಾಕೆಟ್ಟನ್ನು ತಂದ ದಿನವೇ ಹೊಲಿಗೆ ಬಿಚ್ಚಿ, ಮೊಣಕೈಯ ರಕ್ಷಾಪಟ್ಟಿ ಅತ್ತಿತ್ತ ಸರಿಯದಂತೆ ತೋಳನ್ನು ಕಿರಿದುಗೊಳಿಸಿ, ಪ್ರತಿ ಜೋಡಣೆಗೂ ಮೂರು ಸಾಲು ಹೊಲಿಗೆ ಹಾಕಿದಳು. "ಜಾರಿ ಬಿದ್ದಾಗ ಮೊದಲು ಕೈಕೊಡೋದು ಹೊಲಿಗೇನೇ ಕಣೋ," ಎಂದಳು. ಬೀಳುವ ಮಾತನ್ನು ಇಷ್ಟು ಸಲೀಸಾಗಿ ಆಡುತ್ತಾಳಲ್ಲ ಎಂದು ತಮ್ಮ ಗೊಣಗಿದ.

ತರಬೇತಿ ಶಾಲೆಯಲ್ಲಿ ಕಲಿತದ್ದನ್ನು ಐದು ವಾರ, ಒಂದು ಗೋದಾಮಿನ ಹಿಂದಿನ ಖಾಲಿ ಸಿಮೆಂಟು ನೆಲದ ಮೇಲೆ, ಅಕ್ಷರ ತಿದ್ದುವ ಶ್ರದ್ಧೆಯಿಂದ ತಿದ್ದಿದಳು. ಬ್ರೇಕನ್ನು ತಟ್ಟನೆ ಒತ್ತಿಬಿಡದೆ ಹದವಾಗಿ ಬಿಗಿಸುವುದು, ತಿರುವಿಗೆ ಮೊದಲೇ ವೇಗ ಇಳಿಸುವುದು, ಹೋಗಬೇಕಾದ ಕಡೆಗೇ ಕಣ್ಣಿಡುವುದು. ತಮ್ಮ ಮೊದಲ ವಾರ ಮುಖ ಊದಿಸಿಕೊಂಡು ಗೋಡೆಗೊರಗಿ ನಿಂತಿದ್ದ, ಎರಡನೆಯ ವಾರ "ಇಷ್ಟು ದೂರ ಇಟ್ರೆ ಏನು ಕಲೀತೀಯ?" ಎಂದು ಗದರಿ, ತಿರುವಿನ ಗುರುತಿಗಿಟ್ಟಿದ್ದ ಇಟ್ಟಿಗೆಗಳನ್ನು ತಾನೇ ಹತ್ತಿರ ಹತ್ತಿರ ಜೋಡಿಸತೊಡಗಿದ.

ಆರನೆಯ ಭಾನುವಾರ ಬೆಳಿಗ್ಗೆ ಗುಡ್ಡದ ರಸ್ತೆಗೆ ಹೊರಟರು. ಅಕ್ಕ ಮುಂದೆ, ಹಳೆಯ ಸ್ಕೂಟರಿನಲ್ಲಿ ತಮ್ಮ ಹಿಂದೆ. ಏರುದಾರಿಯ ಒಂದು ಬಲತಿರುವಿನಲ್ಲಿ ಯಾವುದೋ ಲಾರಿ ಚೆಲ್ಲಿ ಹೋದ ಮರಳು ರಸ್ತೆಯ ಬಹುಪಾಲನ್ನು ನುಂಗಿತ್ತು. ತಮ್ಮನಿಗೆ ಅದು ಕಂಡಿತು. ಕೂಗುವಷ್ಟು ಸಮಯವಿರಲಿಲ್ಲ. ಆದರೆ ಅಕ್ಕ ತಿರುವಿಗೆ ಮೊದಲೇ ವೇಗ ಇಳಿಸಿದ್ದಳು. ಅವಳ ತಲೆ ಮರಳಿನತ್ತ ಬಾಗಲಿಲ್ಲ. ದೃಷ್ಟಿ ಉಳಿದಿದ್ದ ಮೊಳದಗಲ ದಾರಿಯ ಆಚೆಯ ತುದಿಗೆ ನೆಟ್ಟಿತ್ತು. ನೀಲಿ ಬೈಕು ಆ ಅಂಚಿನಲ್ಲೇ ಸಾಗಿ, ತಿರುವು ದಾಟಿ, ಮೆಲ್ಲನೆ ಬದಿಗೆ ನಿಂತಿತು.

ಅವನು ಹೋಗಿ ನೋಡುವಷ್ಟರಲ್ಲಿ ಅಕ್ಕ ದಾರಿಬದಿಯಲ್ಲಿ ಕುಳಿತು, ಕೈಗವಸು ಕಳಚಿ, ಗಡಗಡ ನಡುಗುವ ತನ್ನ ಬೆರಳುಗಳನ್ನು ನೋಡಿಕೊಂಡು ನಗುತ್ತಿದ್ದಳು.

"ಹೆದರಿಕೆ ಆಯ್ತಾ?"

"ಆಗ್ದೇ ಇರುತ್ತಾ? ಆದ್ರೆ ಅದು ಕೈಗೆ ಇಳಿಯೋಷ್ಟರಲ್ಲಿ ತಿರುವೇ ಮುಗಿದುಹೋಗಿತ್ತು."

ತಮ್ಮ ಅವಳ ಪಕ್ಕದಲ್ಲಿ ಕುಕ್ಕರಿಸಿದ. ಅವಳ ಕೈಗವಸನ್ನು ಎತ್ತಿ ಧೂಳು ಕೊಡವಿ ಕೊಟ್ಟ. ಆಮೇಲೆ ಅವನೇ ಕೇಳಿದ, "ಮುಂದಿನ ವಾರ ಎಲ್ಲಿಗೆ?"

ಇಂಥವರನ್ನು ನಾವು ಅಂಜುಬುರುಕರೆಂದು ಸುಲಭವಾಗಿ ತಿಳಿದುಬಿಡುತ್ತೇವೆ. ಹತ್ತು ಸಲ ಯೋಚಿಸುವವರು, ಚಿಕ್ಕದನ್ನೇ ಆರಿಸುವವರು, ಸಣ್ಣ ಸಂಗತಿಗಳಿಗೆ ಗಂಟೆಗಟ್ಟಲೆ ಕೂರುವವರು. ಅವರ ಆಸೆಯ ಗಾತ್ರ ನಮ್ಮ ಗಮನಕ್ಕೆ ಬಾರದು. ಒಂದೇ ದಿನದಲ್ಲಿ ಸುಟ್ಟು ಬೂದಿಯಾಗಲು ಬಿಡಲಾರದಷ್ಟು ದೊಡ್ಡ ಆಸೆ ಇದ್ದವರೇ ಅಷ್ಟು ನಿಧಾನವಾಗಿ ಹೊರಡುತ್ತಾರೆ.