ಆರು ತೂಬುಗಳ ಉಪ್ಪು

ಬೆಳಿಗ್ಗೆ ಹತ್ತಕ್ಕೇ ನಾಮ್ ಚಿಕ್ಕಪ್ಪ ನಮ್ಮ ನೀರಾವರಿ ಕಚೇರಿಗೆ ಬಂದು, ನನ್ನ ಮೇಜಿನೆದುರು ಕುರ್ಚಿ ಎಳೆದುಕೊಂಡು ಕೂತುಬಿಟ್ಟಿದ್ದರು. ಐದನೇ ತೂಬಿನ ಹಿಂದೆ ಅವರ ಭತ್ತದ ಸಸಿಮಡಿ. ಹನ್ನೊಂದು ದಿನದಿಂದ ಅದಕ್ಕೆ ನೀರಿಲ್ಲ. ಮಧ್ಯಾಹ್ನ ಎರಡಕ್ಕೆ ಉಬ್ಬರ ಏರುತ್ತದೆ. ಆಗ ನೀರು ಸಿಹಿಯಿರುವ ತೂಬುಗಳನ್ನಷ್ಟೇ ತೆರೆಯಬೇಕು. ಉಪ್ಪು ಲೀಟರಿಗೆ ಒಂದು ಗ್ರಾಂ ದಾಟಿದರೆ ಎಳೆ ಸಸಿ ಸುಟ್ಟುಹೋಗುತ್ತದೆ.

"ಏನಮ್ಮ ಲುವಾ, ನಿನ್ನ ಕಂಪ್ಯೂಟರ್ ಪೆಟ್ಟಿಗೆ ಏನನ್ನತ್ತೆ? ನೀನು ಕನಸು ಕಾಣ್ತಾ ಕೂತ್ರೆ ನನ್ನ ಸಸಿ ಒಣಹುಲ್ಲಾಗತ್ತೆ."

"ಕನಸಲ್ಲೂ ನಿಮ್ಮ ಸಸಿನೇ ಬರ್ತಿದೆ, ಚಿಕ್ಕಪ್ಪ. ಸ್ವಲ್ಪ ತಾಳಿ."

ಮೆಕಾಂಗ್ ನದಿಯ ನಮ್ಮ ಕವಲಿಗೆ ಕಡಲಬಾಯಿಯಿಂದ ಒಳನಾಡಿನವರೆಗೆ ಆರು ತೂಬು. ಊತ್ ಅತ್ತೆ ದಿನವೂ ದೋಣಿಯಲ್ಲಿ ಒಂದರಿಂದ ಆರರತನಕ ಹೋಗಿ, ಉಪ್ಪಳೆಯುವ ಮೀಟರ್ ಅದ್ದಿ, ಪ್ರತಿ ತೂಬಿನಿಂದಲೂ ಒಂದು ಸಾಲಿನ ಸಂದೇಶ ಕಳಿಸುತ್ತಾಳೆ: ತಾರೀಖು, ತೂಬು, ಉಪ್ಪು. ಆ ಉದ್ದನೆಯ ಪಟ್ಟಿಯನ್ನು ದಿನಕ್ಕೊಂದು ಸಾಲು, ತೂಬಿಗೊಂದು ಮನೆ ಎಂದು ಚೌಕಮನೆಗಳ ಕೋಷ್ಟಕಕ್ಕೆ ಮಡಿಸುವುದು ನನ್ನ ಹಿರಿಯ ಸಹೋದ್ಯೋಗಿ ಕ್ವೀ ಅಕ್ಕನ ಒಂದೇ ಗೆರೆಯ ಕಂಪ್ಯೂಟರ್ ಸ್ಕ್ರಿಪ್ಟ್. ಅದು ಆರಾರು ಸಾಲು ಎಣಿಸಿ ಪಕ್ಕಪಕ್ಕ ಅಂಟಿಸುತ್ತದೆ, ಅಷ್ಟೆ. ನಾಲ್ಕು ವರ್ಷದಲ್ಲಿ ತಪ್ಪಿರಲಿಲ್ಲ.

ಹನ್ನೊಂದಕ್ಕೆ, ಈ ವಾರ ಮೊದಲ ಸಲ, ಅದನ್ನು ಓಡಿಸಿದೆ. ಇವತ್ತಿನ ಸಾಲಿನ ಐದನೇ ಮನೆಯಲ್ಲಿ 0.4. ಆರನೆಯದು ಖಾಲಿ.

"ಐದು ಸಿಹಿ," ಎಂದಳು ಕ್ವೀ ಅಕ್ಕ, ನನ್ನ ಹೆಗಲ ಮೇಲಿಂದ ಬಗ್ಗಿ. "ಅತ್ತೆ ಇನ್ನೂ ಆರಕ್ಕೆ ಮುಟ್ಟಿಲ್ಲ ಅನ್ಸತ್ತೆ. ಐದು ತೆಗೀರಿ ಅಂತ ಆದೇಶ ಕಳ್ಸು."

ನಾಮ್ ಚಿಕ್ಕಪ್ಪ ಆಗಲೇ ಹೆಲ್ಮೆಟ್ ಕೈಗೆತ್ತಿಕೊಂಡಿದ್ದರು. ನನ್ನ ಕಣ್ಣು ಮಾತ್ರ ನಿನ್ನೆಯ ಸಾಲಿನ ಆರನೇ ಮನೆಗೆ ಅಂಟಿಕೊಂಡಿತ್ತು. ಅಲ್ಲಿ 12 ಇತ್ತು.

ನನ್ನಜ್ಜಿಯ ಕಥೆಯಲ್ಲಿ ಉಪ್ಪು ಒಬ್ಬಳು ಹಠಮಾರಿ ಹೆಣ್ಣು. ತಲೆ ಮೇಲೆ ಮೂಟೆ ಹೊತ್ತು ಕಡಲಿನಿಂದ ಹೊಳೆ ಹತ್ತುತ್ತಾಳೆ. ಬಾಗಿಲು ಬಾಗಿಲಿಗೂ ಒಂದಿಷ್ಟು ಚೆಲ್ಲಿ, ಕೊನೆಗೆ ಚಿಟಿಕೆಯಷ್ಟೇ ಉಳಿಸಿಕೊಂಡಿರುತ್ತಾಳೆ. ಅಂಥವಳು ಐದು ಬಾಗಿಲು ದಾಟಿಯೂ ಹನ್ನೆರಡು ಗ್ರಾಂ ಹೊತ್ತು ತರುವುದೆಂದರೇನು? ಹನ್ನೆರಡು ಕಡಲಬಾಯಿಯ ಒಂದನೇ ತೂಬಿನ ಅಂಕಿ.

"ಕಳ್ಸಲ್ಲ ಅಕ್ಕಾ," ಎಂದೆ. "ಅಂಕಿ ಎಲ್ಲಾ ಜಾರಿದಾವೆ."

"ನನ್ ಸ್ಕ್ರಿಪ್ಟಲ್ಲಾ?"

"ಅದು ಬರೀ ಎಣಿಸತ್ತೆ ಅಕ್ಕಾ, ಓದಲ್ಲ. ಒಂದು ಸಂದೇಶ ತಪ್ಪಿದ್ರೆ ಮುಂದಿನದು ಅದರ ಮನೆಗೆ ಬಂದು ಕೂರತ್ತೆ."

ಹೊಸದಾಗಿ ಮೂರು ಗೆರೆ ಬರೆದೆ. ಪ್ರತಿ ಅಂಕಿಯನ್ನೂ ಅದರದೇ ತಾರೀಖು, ಅದರದೇ ತೂಬಿನ ಹೆಸರಲ್ಲಿ ಎತ್ತಿಡು. ಕೊನೆಯಲ್ಲಿ ದಿನಕ್ಕೆ ಆರು ಮನೆ ಬರೆ. ಅಂಕಿಯಿಲ್ಲದ ಮನೆಗೆ ಅಡ್ಡಗೆರೆ ಎಳೆ. ಎಂಟರ್ ಒತ್ತಿದೆ. ಮಂಗಳವಾರದ ಮೂರನೇ ಮನೆಯಲ್ಲಿ ಅಡ್ಡಗೆರೆ ಬಂದು ಕೂತಿತು. ಅಲ್ಲಿಂದಾಚೆಗಿನ ಅಂಕಿಗಳೆಲ್ಲ ಒಂದೊಂದು ಮನೆ ಮುಂದಕ್ಕೆ ಸರಿದು ತಮ್ಮ ಜಾಗ ಸೇರಿಕೊಂಡವು. ಇವತ್ತು ಐದರಲ್ಲಿ 2.8. ಆ 0.4 ಆರನೆಯದು.

ಊತ್ ಅತ್ತೆಗೆ ಫೋನ್ ಮಾಡಿದೆ. ಹಿಂದೆ ದೋಣಿಯ ಯಂತ್ರ ಗುಡುಗುತ್ತಿತ್ತು.

"ಮಂಗಳವಾರವಾ? ಅವತ್ತು ಮೂರನೇ ತೂಬಿನ ದಡದ ಮನೇಲಿ ತಿಥಿ ಕಣೇ. ದೋಣಿ ಕಟ್ಟಿಸಿ ಊಟಕ್ಕೆ ಕೂರಿಸಿಬಿಟ್ರು. ಬಾತುಕೋಳಿ ಸಾರು, ಮೇಲಿಷ್ಟು ಅಕ್ಕಿ ಹೆಂಡ. ಎದ್ದವಳು ಸೀದಾ ನಾಲ್ಕಕ್ಕೆ ಹೋದೆ."

"ಮೀಟರ್ ಅದ್ದಲಿಲ್ವಾ?"

"ನಾನೇ ಹೆಂಡದಲ್ಲಿ ಅದ್ದಿಹೋಗಿದ್ದೆ."

ಕ್ವೀ ಅಕ್ಕ ತನ್ನ ಗೆರೆಯನ್ನು ತಾನೇ ಅಳಿಸಿದಳು. "ಅಂದ್ರೆ ನಾಲ್ಕು ವರ್ಷದಲ್ಲಿ ದಾರೀಲಿ ಅವಳಿಗೆ ಒಬ್ರೂ ಊಟ ಹಾಕಿರ್ಲಿಲ್ಲ."

ನಾಮ್ ಚಿಕ್ಕಪ್ಪ ಹೆಲ್ಮೆಟ್ ಮೇಜಿನ ಮೇಲಿಟ್ಟರು. "ಅಂದ್ರೆ ನಂಗೆ ನೀರಿಲ್ಲ."

"ಐದರಿಂದ ಇಲ್ಲ. ಆರರಿಂದ ನಿಮ್ಮ ಮಡಿಗೆ ಹಳೇ ಕಾಲುವೆ ಇದೆಯಲ್ಲ?"

"ಇದೆ. ಎರಡು ವರ್ಷದ ಹೂಳೂ ಇದೆ."

"ಉಬ್ಬರಕ್ಕೆ ಮೂರು ಗಂಟೆ ಇದೆ. ನಿಮ್ಮ ಭಾವಮೈದಂದಿರು ಎಷ್ಟು ಜನ?"

"ನಾಲ್ಕು. ಊಟಕ್ಕೆ ಮಾತ್ರ ಸಿಗ್ತಾರೆ."

"ಊಟ ಇವತ್ತು ಕಾಲುವೆ ದಂಡೆ ಮೇಲೆ ಅಂತ ಹೇಳಿ."

ಅವರು ನನ್ನನ್ನೊಮ್ಮೆ, ಆ ಅಡ್ಡಗೆರೆಯನ್ನೊಮ್ಮೆ ನೋಡಿ, ಫೋನಿನಲ್ಲಿ ಗುದ್ದಲಿಗಳ ಬಗ್ಗೆ ಕೂಗುತ್ತ ಮೆಟ್ಟಿಲಿಳಿದರು. ನಾನು ಆದೇಶ ಕಳಿಸಿದೆ: ಆರು ತೆರೆಯಿರಿ, ಐದು ಮುಚ್ಚಿರಲಿ.

ಎರಡೂಮುಕ್ಕಾಲಿಗೆ ಅವರ ಫೋನು. ಮೊದಲು ಹರಿಯುವ ನೀರಿನ ಸದ್ದಷ್ಟೇ. ಆಮೇಲೆ ಗೊಣಗಿದರು: "ನಾಲಿಗೇಲೂ ನೋಡ್ದೆ. ಸಿಹೀನೇ."