ಕೂದಲೆಳೆಯಷ್ಟು ಸಂದು

ಬೈಕಿನ ಇಂಜಿನ್ನಿನ ಟ್ಯಾಪೆಟ್ಟಿಗೆ ಸಂದು ಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಗಳು ದಿವ್ಯ ಹೇಳಿದ್ದಳು, ಒಂದಲ್ಲ ಮೂರು ಸಲ. ಕೇಳಿಸಿಕೊಳ್ಳುವ ಕಿವಿ ನನಗಿರಲಿಲ್ಲ, ಅಷ್ಟೆ.

ನಾನು ಚನ್ನಪಟ್ಟಣದ ಬೊಂಬೆ ಕೆಲಸದವನು. ಇಪ್ಪತ್ತಾರು ವರ್ಷ ಲೇತಿನಲ್ಲಿ ಆಲೆ ಮರ ತಿರುಗಿಸಿ ಅರಗು ಹಚ್ಚಿದ ಕೈ ಇದು. ಕುಂಕುಮದ ಭರಣಿ ಮಾಡಿದರೆ ಮುಚ್ಚಳ ಒಂದಿಷ್ಟೂ ಅಲ್ಲಾಡಬಾರದು. ಎಳೆದರೆ ಟಪ್ ಎಂದು ಬಿಡಬೇಕು, ಇಟ್ಟರೆ ತಾನೇ ಕೂರಬೇಕು. ನಾನು ಕಲಿಯುವಾಗ ನಮ್ಮ ಮೇಸ್ತ್ರಿ ಭರಣಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದ. ಕಟಕಟ ಎಂದಿತೋ, ಭರಣಿ ಒಲೆಗೆ ಹೋಗುತ್ತಿತ್ತು, ನನ್ನ ತಲೆಗೊಂದು ಮೊಟಕು ಬೀಳುತ್ತಿತ್ತು. ಹಾಗೆ ಕಲಿತವನಿಗೆ ಸಂದು ಎಂದರೆ ಕೆಟ್ಟ ಕೆಲಸ, ಸದ್ದು ಎಂದರೆ ಮರ್ಯಾದೆಗೇಡು.

ದಿವ್ಯ ಐಟಿಐನಲ್ಲಿ ಫಿಟ್ಟರ್ ಓದಿದವಳು. ಇಡೀ ಬ್ಯಾಚಿಗೆ ಅವಳೊಬ್ಬಳೇ ಹುಡುಗಿ. ಹೆಣ್ಣುಮಗಳಿಗೆ ಸ್ಪ್ಯಾನರ್ ಯಾಕೆ ಎಂದು ಬೀದಿಯೆಲ್ಲ ಆಡಿಕೊಂಡಾಗ ನಾನೂ ಜೊತೆಗೆ ಸೇರಿ ಆಡಿಕೊಂಡವನೇ. 2006ರ ಬೇಸಿಗೆಯಲ್ಲಿ ಬಿಡದಿಯಲ್ಲಿ ಹೊಸದಾಗಿ ಎದ್ದ ಬಿಡಿಭಾಗಗಳ ಕಾರ್ಖಾನೆಯೊಂದರಿಂದ ಅವಳಿಗೆ ಕಾಗದ ಬಂತು. ಮೊದಲ ಬಾರಿಗೆ ಆರು ಜನ ಹೆಣ್ಣುಮಕ್ಕಳನ್ನು ಫಿಟ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಾರಂತೆ. ಶುಕ್ರವಾರ ಪರೀಕ್ಷೆ. ಹತ್ತು ಗಂಟೆಗೆ ಗೇಟು ಮುಚ್ಚಲಾಗುವುದು, ಆಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ಇದು ಆಗದಿದ್ದರೆ ಅವಳನ್ನು ಮಾಗಡಿಯ ಸಂಬಂಧಕ್ಕೆ ಕೊಡುತ್ತೇನೆಂದು ನನ್ನ ಅಣ್ಣ ದೊಡ್ಡಹನುಮಯ್ಯನಿಗೆ ನಾನೇ ಮಾತು ಕೊಟ್ಟಿದ್ದೆ. ಮನೆಗೆ ಬಂದ ಸೊಸೆ ಹೊರಗೆ ದುಡಿಯಕೂಡದು ಎಂದು ಆ ಮನೆಯವರು ಮೊದಲೇ ಹೇಳಿದ್ದರು. ಹಾಗಾಗಿ ಅವಳು ಕಲಿತ ವಿದ್ಯೆಗೆ ಆ ಒಂದು ಶುಕ್ರವಾರ ಬಿಟ್ಟರೆ ಇನ್ನೊಂದು ದಿನ ಇರಲಿಲ್ಲ.

ಪರೀಕ್ಷೆಗೆ ಕೈ ಪಳಗಲಿ ಎಂದು ಅವಳು ನನ್ನ ಹಳೇ ಬೈಕಿನ ಇಂಜಿನ್ ಹೆಡ್ ಬಿಚ್ಚಿದಳು. ಅದು ಹೊಗೆ ಉಗುಳುತ್ತ, ಏರು ಕಂಡರೆ ಏದುಸಿರು ಬಿಡುತ್ತಿದ್ದ ಗಾಡಿ. ಬಿಚ್ಚಿದ ಹೆಡ್ಡನ್ನು ರಾಮನಗರದ ಇಮಾಮ್ ಸಾಬರ ಲೇತ್ ಅಂಗಡಿಗೆ ಹೊತ್ತುಕೊಂಡು ಹೋಗಿ ವಾಲ್ವ್ ಕೂರುವ ಜಾಗ ಕಟ್ ಮಾಡಿಸಿದಳು. ಹೊಸ ವಾಲ್ವ್ ತಂದು ಪೇಸ್ಟ್ ಹಚ್ಚಿ ಎರಡು ದಿನ ಉಜ್ಜಿದಳು. ಎಲ್ಲ ಜೋಡಿಸಿದ ಮೇಲೆ ಸಂದು ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿಯೊಂದನ್ನು ವಾಲ್ವಿನ ತುದಿಗೂ ಅದನ್ನು ಒತ್ತುವ ಟ್ಯಾಪೆಟ್ ಸ್ಕ್ರೂಗೂ ನಡುವೆ ತೂರಿಸಿ, ಹಿಂದೆ ಮುಂದೆ ಎಳೆದು ನೋಡಿ, ಕೂದಲೆಳೆಯಷ್ಟು ಸಂದು ಬಿಟ್ಟು ನಟ್ಟು ಬಿಗಿದಳು. ಕಿಕ್ ಹೊಡೆದರೆ ಹೊಗೆಯಿಲ್ಲ, ಎಳೆತ ಸೊಗಸಾಗಿದೆ. ಆದರೆ ಮೇಲಿಂದ ಟಿಕ್ ಟಿಕ್ ಎಂದು ಸದ್ದು.

"ಏನಮ್ಮಿ ಇದು, ಹಲ್ ಕಡೀತಾ ಐತೆ?" ಎಂದೆ.

"ಅದು ಇರ್ಬೇಕು ಕಣಪ್ಪಾ. ಬಿಸಿಯಾದ್ರೆ ವಾಲ್ವ್ ಉದ್ದ ಆಯ್ತದೆ. ಸಂದಿಲ್ದಿದ್ರೆ ಪೂರ್ತಿ ಮುಚ್ಕೊಳಾಕಿಲ್ಲ, ಗಾಡಿ ನಿಂತೋಯ್ತದೆ."

ಹೂಂ ಎಂದೆ. ನಲವತ್ತೊಂಬತ್ತು ವಯಸ್ಸಿನ ಕೆಲಸಗಾರನಿಗೆ ಹತ್ತೊಂಬತ್ತರ ಹುಡುಗಿ ಸಂದಿನ ಪಾಠ ಹೇಳುತ್ತಾಳೆ ಎಂದು ಒಳಗೇ ಉರಿದುಕೊಂಡೆ.

ಗುರುವಾರ ಸಂಜೆ ಅವಳು ಮಾರ್ಕ್ಸ್ ಕಾರ್ಡುಗಳ ಜೆರಾಕ್ಸ್ ಮಾಡಿಸಲು ಹೋಗಿದ್ದಾಗ ನಾನು ಗಾಡಿ ಚಾಲೂ ಮಾಡಿ ನೋಡುತ್ತಿದ್ದೆ. ಪಕ್ಕದ ಮನೆ ನಟರಾಜು ಜಗಲಿಯಿಂದಲೇ ಕೂಗಿದ.

"ಏನ್ ಬಾಲಣ್ಣಾ, ಮಗ್ಳ ಕೈಲಿ ರಿಪೇರಿ ಮಾಡ್ಸಿದ್ಯಂತೆ? ಗಾಡಿ ಹೋಗಿ ಹೊಲಿಗೆ ಮಿಷಿನ್ ಆಗೈತಲ್ಲ!"

ನನಗೆ ಮೈಯೆಲ್ಲ ಉರಿದುಹೋಯಿತು. ಇಂಜಿನ್ ಆರುವವರೆಗೆ ಕಾದು, ಅವಳು ಮಾಡಿದ ಹಾಗೆಯೇ ಇಂಜಿನ್ ತಿರುಗಿಸಿ ಗುರುತಿಗೆ ಗುರುತು ತಂದು, ಮೇಲಿನ ಎರಡು ಮುಚ್ಚಳ ಬಿಚ್ಚಿದೆ. ಬೆರಳಿಗೆ ಒಂದಿಷ್ಟೂ ಅಲುಗಾಟ ಸಿಗದ ಹಾಗೆ ಸ್ಕ್ರೂ ಇಳಿಸಿ ನಟ್ಟು ಬಿಗಿದೆ. ಭರಣಿಯ ಮುಚ್ಚಳ ಕೂರಿಸುವ ಕೈಗೆ ಅದೇನು ಮಹಾ ಕೆಲಸ? ಕಿಕ್ ಹೊಡೆದೆ. ಸದ್ದೇ ಇಲ್ಲ. ನಟರಾಜು ಬೀಡಿ ಎಸೆದು ಒಳಗೆ ಹೋದ. ನನಗೆ ಎಷ್ಟು ಖುಷಿಯಾಯಿತೆಂದರೆ, ಮಗಳಿಗೆ ಹೇಳಬೇಕು ಎಂದೂ ಅನ್ನಿಸಲಿಲ್ಲ.

ಶುಕ್ರವಾರ ಅವಳು ರೈಲಿನಲ್ಲಿ ನೇರ ಬಿಡದಿಗೆ ಹೋಗುತ್ತೇನೆಂದಳು. ನನ್ನ ಹೆಂಡತಿ ಕಾವೇರಮ್ಮನೂ ಅದನ್ನೇ ಹೇಳಿದಳು. ನಾನು ಬಿಡಲಿಲ್ಲ. ಮೊದಲು ಕಬ್ಬಾಳಮ್ಮನಿಗೆ ಕಾಯಿ ಒಡೆಸಬೇಕು, ಅಲ್ಲಿಂದ ಬೈಕಿನಲ್ಲಿ ಬಿಡದಿಗೆ ಕರೆದೊಯ್ಯುತ್ತೇನೆ ಎಂದು ಕೂಗಾಡಿದೆ. ನಮ್ಮ ಮನೆಯಲ್ಲಿ ನಾನು ಕೂಗಾಡಿದರೆ ಮಾತು ಮುಗಿದ ಹಾಗೆ. ನಿಜ ಹೇಳಬೇಕೆಂದರೆ ಆ ಸದ್ದಿಲ್ಲದ ಗಾಡಿಯಲ್ಲಿ ಮಗಳನ್ನು ಕೂರಿಸಿಕೊಂಡು ಊರ ಮುಂದೆ ಹೋಗುವ ಆಸೆ ನನಗಿತ್ತು.

ಆರಕ್ಕೆ ಹೊರಟೆವು. ಕಬ್ಬಾಳು ಹತ್ತಿರವಾಗುವಾಗ ಏರಿನಲ್ಲಿ ಗಾಡಿ ಒಂದೆರಡು ಸಲ ಕೆಮ್ಮಿತು. ಪೆಟ್ರೋಲಿನಲ್ಲಿ ಕಸ ಎಂದೆ. ಪೂಜೆ ಮುಗಿಯುವಷ್ಟರಲ್ಲಿ ಇಂಜಿನ್ನಿನ ಬಿಸಿ ಆರಿತ್ತು, ಮತ್ತೆ ಸರಾಗವಾಗಿ ಚಾಲೂ ಆಯಿತು. ವಾಪಸ್ ಬರುವಾಗ ಏಳೆಂಟು ಮೈಲಿ ಕಳೆದಿರಬೇಕು, ಎಳೆತ ಸತ್ತು, ಸೈಲೆನ್ಸರ್ ಪಟಪಟ ಸಿಡಿದು, ಮಾವಿನ ತೋಟವೊಂದರ ಬೇಲಿಯ ಪಕ್ಕ ನಿಂತುಬಿಟ್ಟಿತು. ಗಂಟೆ ಎಂಟೂಕಾಲು.

ಕಿಕ್ಕರ್ ಒತ್ತಿದರೆ ಬೆಣ್ಣೆಯಲ್ಲಿ ಕಾಲಿಟ್ಟ ಹಾಗೆ ಇಳಿಯುತ್ತಿತ್ತು.

"ಕಂಪ್ರೆಷನ್ನೇ ಇಲ್ಲ, ವಾಲ್ವ್ ಮುಚ್ಕೊಂತಿಲ್ಲ," ಎಂದಳು ದಿವ್ಯ. ಟೂಲ್ ಪೌಚ್ ಬಿಚ್ಚಿ, ದುಪಟ್ಟಾ ಕೈಗೆ ಸುತ್ತಿಕೊಂಡು ಕಾದ ಮುಚ್ಚಳಗಳನ್ನು ತೆಗೆದಳು. ಗೇಜಿನ ಅತಿ ತೆಳು ಪಟ್ಟಿಯನ್ನು ತೂರಿಸಲು ನೋಡಿದಳು. ತೂರಲಿಲ್ಲ. ಇನ್ನೊಂದು ವಾಲ್ವಿಗೂ ಅಷ್ಟೆ. ಅವಳು ನನ್ನ ಮುಖ ನೋಡಲಿಲ್ಲ. "ಒಸಿ ಆರ್ಬೇಕು. ಬಿಸಿ ಇರೋವಾಗ ಸಂದು ಇಟ್ರೆ ಲೆಕ್ಕ ತಪ್ತದೆ."

ನನಗೆ ಆಗ ಅರ್ಥವಾಯಿತು. ಮರ ಬಿಸಿಯಾದರೆ ಉದ್ದವಾಗುವುದಿಲ್ಲ, ಕಬ್ಬಿಣ ಆಗುತ್ತದೆ. ಅವಳು ಮೂರು ಸಲ ಹೇಳಿದ್ದು ಅದನ್ನೇ. ನಾನು ಮಾಡಿದ್ದು ಕಣವ್ವಾ ಎಂದು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಬೈಯಲು ಮಾತ್ರ ಬರುವ ಬಾಯಿ ನನ್ನದು. ನೀರಿನ ಬಾಟಲಿ ಎತ್ತಿ ಇಂಜಿನ್ ಮೇಲೆ ಸುರಿಯಲು ಹೋದೆ.

"ನೀರ್ ಹಾಕ್ಬ್ಯಾಡಪ್ಪಾ! ಹೆಡ್ ಸೀಳೋಯ್ತದೆ!"

ಕೈಯಲ್ಲಿದ್ದ ಬಾಟಲಿಯನ್ನು ಬೇಲಿಗೆ ಎಸೆದೆ. ಆಮೇಲೆ ಏನು ಮಾಡುವುದು? ಅವಳ ಮಾರ್ಕ್ಸ್ ಕಾರ್ಡುಗಳಿದ್ದ ಫೈಲನ್ನೇ ತೆಗೆದುಕೊಂಡು ಇಂಜಿನ್ನಿಗೆ ಗಾಳಿ ಬೀಸಿದೆ. ಮಂಡಿಯೂರಿ ಬಾಯಲ್ಲಿ ಊದಿದೆ. ಚನ್ನಪಟ್ಟಣದ ಕಡೆಗೆ ಒಂದು ಬಸ್ಸು ಬಂತು, ಮೆಟ್ಟಿಲಿನಲ್ಲೂ ಜನ ನೇತಾಡುತ್ತಿದ್ದರು. ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದೆ. ಡ್ರೈವರು ನನ್ನನ್ನು ಬಳಸಿಕೊಂಡು ಹೋದ. ಚಪ್ಪಲಿ ಬಿಟ್ಟು ಹಿಂದೆ ಓಡಿದೆ, ಒಂದು ಹೆಣ್ಣುಮಗಳಿಗೆ ಜಾಗ ಕೊಡ್ರಪ್ಪಾ ಎಂದು ಕೂಗಿದೆ. ಧೂಳು ಬಿಟ್ಟರೆ ಏನೂ ಸಿಗಲಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವನೊಬ್ಬ ನಿಂತ, ಪಾಪ, ಅವನ ಗಾಡಿಯಲ್ಲಿ ಅವನಿಗೇ ಕೂರಲು ಜಾಗವಿರಲಿಲ್ಲ.

ವಾಪಸ್ ಬಂದಾಗ ದಿವ್ಯ ಅಂಗೈಯನ್ನು ಇಂಜಿನ್ನಿನ ಮೇಲಿಟ್ಟು ಕೂತಿದ್ದಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಇನ್ನೂ ಸುಡುತ್ತಿತ್ತು. ಒಂಬತ್ತಾಯಿತು. ಒಂಬತ್ತು ಗಂಟೆ ಹತ್ತು ನಿಮಿಷವಾಯಿತು. ಇನ್ನು ಕಾಯಲಾಗದೆ ಅವಳು ಉಗುರುಬೆಚ್ಚಗಿನ ಇಂಜಿನ್ನಿಗೇ ಗೇಜು ಹಿಡಿದಳು. ಬೇಕಾದ್ದಕ್ಕಿಂತ ತುಸು ಹೆಚ್ಚೇ ಸಂದು ಬಿಟ್ಟಳು. ನಟ್ಟು ಬಿಗಿಯುವಾಗ ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣಿನ ಚರ್ಮ ಕಿತ್ತುಹೋಯಿತು. ಅವಳು ಅದನ್ನು ಬಾಯಿಗಿಟ್ಟುಕೊಂಡು ಕಿಕ್ ಹೊಡೆದಳು. ಎರಡನೆಯದಕ್ಕೆ ಇಂಜಿನ್ ಹಿಡಿಯಿತು.

ಆ ಗಾಡಿಯನ್ನು ನಾನು ಹಾಗೆ ಎಂದೂ ಓಡಿಸಿರಲಿಲ್ಲ. ಹೈವೇ ಅಗಲ ಮಾಡಿ ಲಾರಿಗಳು ಹೆಚ್ಚಾಗಿದ್ದ ಕಾಲ ಅದು. ಎರಡು ಲಾರಿಗಳ ನಡುವೆ ನುಗ್ಗಿಸಿದೆ. ರಾಮನಗರದಲ್ಲಿ ಪೊಲೀಸಿನವನು ಕೈ ತೋರಿಸಿದರೂ ನಿಲ್ಲಿಸಲಿಲ್ಲ. ಬಿಡದಿಯ ತಟ್ಟೆ ಇಡ್ಲಿ ಅಂಗಡಿಗಳ ಮುಂದೆ ಅಡ್ಡಾದಿಡ್ಡಿ ನಿಂತ ಕಾರುಗಳಿಗೆ ಬಾಯಿಗೆ ಬಂದಂತೆ ಬೈದೆ. ಕಾರ್ಖಾನೆಯ ಗೇಟಿಗೆ ಬಂದಾಗ ಹತ್ತು ಗಂಟೆ ಹನ್ನೆರಡು ನಿಮಿಷ.

ಗೇಟಿನ ಸರಳುಗಳಾಚೆ ಹುಡುಗಿಯರ ಸಾಲು ಕಾಣುತ್ತಿತ್ತು, ಇನ್ನೂ ಒಳಗೆ ಹೋಗಿರಲಿಲ್ಲ. ಕೈಯಲ್ಲಿ ಪಟ್ಟಿ ಹಿಡಿದ ಅಧಿಕಾರಿಯೊಬ್ಬರು ಅಲ್ಲೇ ಇದ್ದರು. ಕೆಟ್ಟವರೇನಲ್ಲ. ಕಾವಲಿನವನು ನಮ್ಮನ್ನು ಗದರುವುದನ್ನು ಕೇಳಿ ತಾವೇ ಹತ್ತಿರ ಬಂದರು.

"ಯಾಕಮ್ಮಾ ಲೇಟು?"

"ಗಾಡಿ ನಿಂತೋಯ್ತು ಸಾರ್. ಟ್ಯಾಪೆಟ್ ಟೈಟಾಗಿತ್ತು."

ಅವರಿಗೆ ಕುತೂಹಲವಾಯಿತು. "ಯಾರು ಸೆಟ್ ಮಾಡಿದ್ದು?"

ದಿವ್ಯ ಎರಡೂ ಕೈಯಲ್ಲಿ ಗೇಟಿನ ಸರಳು ಹಿಡಿದಳು. "ನಾನೇ ಸಾರ್. ಹೆಡ್ ಕೆಲ್ಸ ಎಲ್ಲ ನಂದೇ."

ಅವರು ಅವಳ ಎಣ್ಣೆ ಮಸಿಯ ಕೈಗಳನ್ನು ನೋಡಿದರು. "ಹನ್ನೆರಡೇ ನಿಮಿಷ ತಡ, ಒಳಗೆ ಬಿಡಬಹುದು ಅಂದುಕೊಂಡಿದ್ದೆ. ಮನೆ ಗಾಡಿ ಟ್ಯಾಪೆಟ್ಟೇ ಸರಿಯಾಗಿ ಇಡೋಕೆ ಬರದಿದ್ದರೆ ಇಲ್ಲಿ ಏನು ಮಾಡ್ತೀಯಮ್ಮಾ? ಇನ್ನೂ ಚೆನ್ನಾಗಿ ಕಲಿತು ಬಾ."

ನನ್ನ ಬಾಯಿ ಆಗ ಬಿಟ್ಟಿತು. "ಅವ್ಳಲ್ಲ ಸ್ವಾಮೀ! ನಾನು ಮಾಡಿದ್ದು! ಅವ್ಳು ಸರಿಯಾಗೇ ಇಟ್ಟಿದ್ಲು, ನಾನೇ ಕಳ್ಳನಂಗೆ ಬಿಚ್ಚಿ ಸಂದು ಮುಚ್ಬುಟ್ಟೆ!"

"ನೀವು ಮೆಕ್ಯಾನಿಕ್ಕಾ?"

"ಅಲ್ಲ ಸ್ವಾಮಿ, ಬೊಂಬೆ ಮಾಡೋನು."

ಅವರು ನಕ್ಕರು. ಮರುಕದ ನಗು ಅದು. "ಬೊಂಬೆ ಮಾಡೋರು ಇಂಜಿನ್ ಯಾಕೆ ಬಿಚ್ತೀರಿ ಯಜಮಾನ್ರೇ? ಮಗಳ ಮೇಲೆ ಪ್ರೀತಿ ಇರಬೇಕು, ಸರಿ. ಅದಕ್ಕೆ ಸುಳ್ಳು ಹೇಳಬಾರದು."

ನಾನು ಸರಳು ಹಿಡಿದು ಅಲುಗಾಡಿಸಿದೆ. ಕಬ್ಬಾಳಮ್ಮನ ಆಣೆ ಇಟ್ಟೆ. ಕಾವಲಿನವನ ಕಾಲಿಗೆ ಬಿದ್ದೆ. ಇಷ್ಟು ವರ್ಷ ಯಾರ ಮುಂದೆಯೂ ತಪ್ಪು ಒಪ್ಪಿಕೊಳ್ಳದವನು ಎಲ್ಲರ ಮುಂದೆ ಒಪ್ಪಿಕೊಳ್ಳುತ್ತಿದ್ದೆ, ಒಬ್ಬನೂ ನಂಬಲಿಲ್ಲ. ಹುಡುಗಿಯರ ಸಾಲು ಒಳಗೆ ಹೋಯಿತು. ದಿವ್ಯ ನನ್ನ ತೋಳು ಹಿಡಿದು ಎಬ್ಬಿಸಿದಳು.

ಗಾಡಿಯ ಹತ್ತಿರ ಬಂದು ಅವಳು ರಸ್ತೆ ಬದಿಯ ಮಣ್ಣು ತೆಗೆದುಕೊಂಡು ಕೈ ಉಜ್ಜತೊಡಗಿದಳು.

"ನೀನು ಮಾಡ್ದೇ ಇದ್ದಿದ್ನ ಯಾಕವ್ವಾ ನಂದು ಅಂದೆ?"

"ಬೆಳಿಗ್ಗೆ ನೀನು ಸ್ಟಾರ್ಟ್ ಮಾಡ್ದಾಗ್ಲೇ ಗೊತ್ತಾಯ್ತು ಕಣಪ್ಪಾ. ಸದ್ದೇ ಇರ್ನಿಲ್ಲ. ನೀನು ಟೈಟ್ ಮಾಡ್ಬುಟ್ಟಿದ್ದೀಯ ಅಂತ ಆಗ್ಲೇ ತಿಳೀತು."

"ತಿಳೀತಾ? ಮತ್ತೆ ಯಾಕೆ ಬಾಯ್ ಬುಡ್ನಿಲ್ಲ? ಹತ್ ನಿಮಿಷದ ಕೆಲ್ಸ ಅಲ್ವೇನೇ ಅದು!"

"ಹಿಂಗೇ ಕೂಗಾಡ್ತೀಯ ಅಂತ." ಅವಳು ಕೈ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಿಂಗೆ ಹೆದ್ರಿಕೊಂಡು ಸುಮ್ಕಾದೆ. ಗಾಡಿ ನಿಲ್ತದೆ ಅಂತ ಗೊತ್ತಿದ್ದೂ ಕೂತ್ಕೊಂಡು ಬಂದೆ. ಅದ್ಕೇ ನಂದು ಅಂದೆ."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಕಿತ್ತ ಗೆಣ್ಣಿಗೆ ಮಣ್ಣು ಮೆತ್ತಿಕೊಂಡಿತ್ತು. ಮಾಗಡಿಯವರಿಗೆ ಇಲ್ಲ ಎಂದು ಹೇಳಿಬಿಡುತ್ತೇನೆ, ನನ್ನ ಮಾತು ಮಣ್ಣುಪಾಲಾದರೂ ಸರಿ ಎಂದು ಅವಳಿಗೆ ಹೇಳಬೇಕೆನಿಸಿತು. ಹತ್ತಿರ ಹೋಗಿ ಬಾಯಿ ತೆರೆದೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.